ಧಾರ್ಮಿಕ ಟ್ರಸ್ಟ್‌ಗಳ 'ಸ್ವತಂತ್ರ ವಿಶ್ವವಿದ್ಯಾಲಯ'ದ ಡಿಗ್ರಿ ನಡೆಯುತ್ತಾ? ತಿಳಿದವರು ದಯವಿಟ್ಟು ಹೇಳಿ

ಕೊಪ್ಪದ ಚಿಕ್ಕಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗ ಪಿಯುಸಿ ಮುಗಿಸಿದ್ದಾನೆ. ಸಂಸ್ಕೃತ ಅಂದ್ರೆ ಅವನಿಗೆ ಪ್ರಾಣ. ಶಾಸ್ತ್ರ ಓದಿ ಹೈಸ್ಕೂಲಲ್ಲಿ ಸಂಸ್ಕೃತ ಮೇಷ್ಟ್ರಾಗಬೇಕು ಅನ್ನೋ ಆಸೆ. ಮನೆಯಲ್ಲಿ ಯಾರೂ ಬೇಡ ಅಂದಿಲ್ಲ.

ಚಿಕ್ಕಮಗಳೂರಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ ಒಂದು ಟ್ರಸ್ಟ್‌ನವರು ಸಿಕ್ಕಿದರು. ಹೆಸರು ಹಾಕೋದಿಲ್ಲ. ಬೋರ್ಡಲ್ಲಿ 'ವಿಶ್ವವಿದ್ಯಾಲಯ' ಅಂತ ಇದೆ. ವೇದ, ಜ್ಯೋತಿಷ ಸೇರಿಸಿ ಮೂರು ವರ್ಷದ ಬಿ.ಎ. ಕೊಡ್ತೀವಿ ಅಂತಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿಗೆ ಇದೆಯಾ ಅಂತ ಕೇಳಿದ್ದಕ್ಕೆ, "ನಾವು ಧಾರ್ಮಿಕ ಸಂಸ್ಥೆ, ಸ್ವಾಯತ್ತರು. ಸಂವಿಧಾನವೇ ಹಕ್ಕು ಕೊಟ್ಟಿರುವಾಗ ಯುಜಿಸಿ ಯಾಕೆ ಬೇಕು?" ಅಂದರು. ಒಂದು ಫೈಲ್ ತೋರಿಸಿದರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಟ್ರಸ್ಟ್ ಡೀಡ್, ಐಎಸ್‌ಒ ಸರ್ಟಿಫಿಕೇಟು, ನೀತಿ ಆಯೋಗದ ದರ್ಪಣ್ ನಂಬರು, ಹೊರದೇಶದ ಯಾವುದೋ ಸಂಸ್ಥೆಯವರು ಕೊಟ್ಟ ಪತ್ರ, ಎಲ್ಲಾ ಇತ್ತು. ಫೀಸು ಕಂತಲ್ಲಿ ಕಟ್ಟಬಹುದಂತೆ. ಹುಡುಗ ಪೂರ್ತಿ ಒಪ್ಪಿಬಿಟ್ಟಿದ್ದಾನೆ. ಅಣ್ಣ ನನ್ನ ಮುಖ ನೋಡ್ತಿದ್ದಾನೆ. ಏನು ಹೇಳಲಿ?

ಹಾಸನದ ನಿವೃತ್ತ ಮೇಷ್ಟ್ರು:

ಕೊಪ್ಪದವರೇ, ಹಣ ಕಟ್ಟುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆ ಹೊತ್ತು ನನ್ನ ಮನೆಗೆ ಬಂದ ತಂದೆ ತಾಯಂದಿರಲ್ಲಿ ಹೆಚ್ಚಿನವರು ಹಣ ಕಟ್ಟಿದ ಮೇಲೆ ಬಂದವರು.

ನಮ್ಮ ದೇಶದಲ್ಲಿ ಪದವಿ ಯಾರು ಕೊಡಬಹುದು ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ ಕೊಡಬಹುದು. 3ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನ, ಎಂದು ಘೋಷಿಸಿದ ಸಂಸ್ಥೆ ಕೊಡಬಹುದು. ಪದವಿ ಕೊಡಲೆಂದೇ ಸಂಸತ್ತು ಕಾಯ್ದೆ ಮಾಡಿ ಅಧಿಕಾರ ಕೊಟ್ಟ ಸಂಸ್ಥೆ ಕೊಡಬಹುದು. ಬೇರೆ ಯಾರೂ ಕೊಡುವಂತಿಲ್ಲ. 23ನೇ ಕಲಂ ಇನ್ನೂ ಮುಂದೆ ಹೋಗಿ, ಇಂಥ ಕಾಯ್ದೆಯ ಬೆಂಬಲ ಇಲ್ಲದವರು ಹೆಸರಿನಲ್ಲಿ 'ಯೂನಿವರ್ಸಿಟಿ' ಎಂದು ಹಾಕಿಕೊಳ್ಳುವುದನ್ನೇ ತಡೆಯುತ್ತದೆ. ಧಾರ್ಮಿಕ ಸಂಸ್ಥೆಗಳಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅವರು ತೋರಿಸಿದ ಫೈಲಿನಲ್ಲಿ ಒಂದೂ ಪದವಿ ಕೊಡುವ ಅಧಿಕಾರದ ಪತ್ರವಲ್ಲ. ಟ್ರಸ್ಟ್ ನೋಂದಣಿಯಿಂದ ಟ್ರಸ್ಟ್ ಇದೆ ಎಂದಷ್ಟೇ ತಿಳಿಯುತ್ತದೆ. ದರ್ಪಣ್ ನಂಬರು ಸರ್ಕಾರೇತರ ಸಂಸ್ಥೆಗಳು ತಾವೇ ವಿವರ ತುಂಬಿ ಪಡೆಯುವಂಥದ್ದು. ಐಎಸ್‌ಒ ಪ್ರಮಾಣಪತ್ರ ಕಚೇರಿ ನಡೆಸುವ ಕ್ರಮಕ್ಕೆ ಸಂಬಂಧಿಸಿದ್ದು, ಅದನ್ನು ಕಾರ್ಖಾನೆಯೂ ಪಡೆಯುತ್ತದೆ.

'ಸ್ವಾಯತ್ತ' ಎಂಬ ಮಾತನ್ನೂ ನೋಡಿ. ನಮ್ಮ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ವಾಯತ್ತ ಕಾಲೇಜು. ಪಠ್ಯಕ್ರಮ, ಪರೀಕ್ಷೆ ತಾನೇ ಮಾಡಿಕೊಳ್ಳುತ್ತದೆ. ಆದರೆ ಕೈಗೆ ಬರುವ ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು). ಹೇಮಗಂಗೋತ್ರಿಯನ್ನೇ ತೆಗೆದುಕೊಳ್ಳಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಹಾಸನ ವಿಶ್ವವಿದ್ಯಾಲಯ ಆಗಬೇಕಾದರೆ ರಾಜ್ಯ ಸರ್ಕಾರವೇ 2022ರಲ್ಲಿ ಶಾಸನಸಭೆಗೆ ಹೋಗಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಸರ್ಕಾರಕ್ಕೇ ತಪ್ಪದ ದಾರಿ ಒಂದು ಟ್ರಸ್ಟ್‌ಗೆ ತಪ್ಪುತ್ತದೆಯೇ?

ಬರೀ ಕಾಯ್ದೆ ಇದ್ದರೂ ಸಾಲದು ಎಂಬುದಕ್ಕೆ ಛತ್ತೀಸಗಢದ ಉದಾಹರಣೆ ಇದೆ. ಅಲ್ಲಿ 2002ರ ಒಂದು ಕಾಯ್ದೆಯ ಅಡಿಯಲ್ಲಿ ಬರೀ ಗೆಜೆಟ್ ಅಧಿಸೂಚನೆ ಹೊರಡಿಸಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳನ್ನು ಹುಟ್ಟಿಸಿದರು. ಕೆಲವಕ್ಕೆ ಕಟ್ಟಡವೂ ಇರಲಿಲ್ಲ. ವಿಜ್ಞಾನಿ ಪ್ರೊ. ಯಶಪಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರ ಫೆಬ್ರುವರಿಯಲ್ಲಿ ಕೋರ್ಟು ಆ ಕಾಯ್ದೆಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಅಷ್ಟೂ ವಿಶ್ವವಿದ್ಯಾಲಯಗಳು ಒಂದೇ ದಿನ ಇಲ್ಲವಾದವು.

ಯುಜಿಸಿ ತನ್ನ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹಾಕುತ್ತಾ ಬಂದಿದೆ. ಅದರಲ್ಲಿ ಎಲ್ಲ ಧರ್ಮದ ಹೆಸರುಗಳೂ ಬಂದಿವೆ. ವಿಶಾಖಪಟ್ಟಣದ ಬೈಬಲ್ ಓಪನ್ ಯೂನಿವರ್ಸಿಟಿ, ಕೋಯಿಕ್ಕೋಡ್ ಕಡೆಯ ಇಂಟರ್‌ನ್ಯಾಷನಲ್ ಇಸ್ಲಾಮಿಕ್ ಯೂನಿವರ್ಸಿಟಿ ಆಫ್ ಪ್ರೊಫೆಟಿಕ್ ಮೆಡಿಸಿನ್, ವಾರಾಣಸೇಯ ಸಂಸ್ಕೃತ ವಿಶ್ವವಿದ್ಯಾಲಯ. ಈ ಕೊನೆಯದು ಬಹಳ ಅಪಾಯದ್ದು. ಕಾಶಿಯಲ್ಲಿ 1791ರಿಂದ ಇದ್ದ ಸಂಸ್ಕೃತ ಕಾಲೇಜು 1958ರಲ್ಲಿ ವಿಶ್ವವಿದ್ಯಾಲಯವಾದಾಗ ಇದೇ ಹೆಸರಿತ್ತು. 1974ರಲ್ಲಿ ಅದು ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯವಾಯಿತು. ಅಸಲಿಯದು ಬಿಟ್ಟ ಹೆಸರನ್ನು ಇನ್ನೊಬ್ಬರು ಹಾಕಿಕೊಂಡರು. ಹೆಸರು ಎಲ್ಲೋ ಕೇಳಿದ ಹಾಗಿದೆ ಎಂದು ಸುಮ್ಮನೆ ನಂಬಬೇಡಿ. ನಮ್ಮ ರಾಜ್ಯದಿಂದ ಗೋಕಾಕದ ಒಂದು ಮುಕ್ತ ವಿಶ್ವವಿದ್ಯಾಲಯದ ಹೆಸರೂ ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು.

ಶೃಂಗೇರಿಯಲ್ಲಿ ಓದಿದವಳು:

ಚಿಕ್ಕಪ್ಪನವರೇ, ಕೊಪ್ಪದಿಂದ ಶೃಂಗೇರಿ ಎಷ್ಟು ದೂರ ಹೇಳಿ! ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇದೆ. 1992ರಿಂದ ನಡೀತಿದೆ. ಮೊದಲು ಅದು ರಾಷ್ಟ್ರೀಯ ಸಂಸ್ಕೃತ ಸಂಸ್ಥಾನ ಆಗಿತ್ತು, ಡೀಮ್ಡ್. 2020ರ ಕಾಯ್ದೆ ಬಂದ ಮೇಲೆ ಕೇಂದ್ರೀಯ ವಿಶ್ವವಿದ್ಯಾಲಯ. ಶಾಸ್ತ್ರಿ ಅಂದರೆ ಬಿ.ಎ. ಸಮಾನ, ಆಚಾರ್ಯ ಅಂದರೆ ಎಂ.ಎ., ಶಿಕ್ಷಾಶಾಸ್ತ್ರಿ ಅಂದರೆ ಬಿ.ಎಡ್., ವಿದ್ಯಾವಾರಿಧಿ ಅಂದರೆ ಪಿಎಚ್.ಡಿ. ವ್ಯಾಕರಣ, ವೇದಾಂತ, ಮೀಮಾಂಸಾ, ಜ್ಯೋತಿಷ ಓದೋರು ಅಲ್ಲಿದ್ದಾರೆ. ಹುಡುಗನಿಗೆ ಬೇಕಾದ್ದೆಲ್ಲ ಮನೆಯ ಪಕ್ಕದಲ್ಲೇ ಇರುವಾಗ ಫೈಲು ಹಿಡಿದು ಬಂದವರ ಹಿಂದೆ ಯಾಕೆ ಹೋಗಬೇಕು?

ಇನ್ನೊಂದು ಮಾತು. ಈ ಚರ್ಚೆಯಲ್ಲಿ ಯಾರೂ ಪಾಠಶಾಲೆಗಳನ್ನು ಹಗುರ ಮಾಡಿ ಮಾತಾಡಬೇಡಿ. ಶೃಂಗೇರಿ ಮಠದ ಸದ್ವಿದ್ಯಾ ಸಂಜೀವಿನೀ ಪಾಠಶಾಲೆಯಂಥ ಕಡೆ ಗುರುಗಳ ಎದುರು ಕೂತು ವರ್ಷಾನುಗಟ್ಟಲೆ ಕಲಿತವರ ವಿದ್ಯೆಯ ಆಳ ಬೇರೆ. ನಮ್ಮ ತರಗತಿಯಲ್ಲಿ ಹಾಗೆ ಕಲಿತು ಬಂದವರಿದ್ದರು. ಶಾಸ್ತ್ರಗ್ರಂಥದ ಪಂಕ್ತಿ ಬಿಡಿಸಿ ಅರ್ಥ ಹೇಳೋದರಲ್ಲಿ ಅವರ ಹತ್ತಿರ ನಾವು ಯಾರೂ ನಿಲ್ತಿರಲಿಲ್ಲ. ಆದರೆ ಅಂಥ ಪಾಠಶಾಲೆಯವರು ಯಾರೂ "ಬಿ.ಎ. ಕೊಡ್ತೀವಿ" ಅಂತ ಹೇಳಿಕೊಂಡು ತಿರುಗೋದಿಲ್ಲ. ವಿದ್ಯೆ ಕೊಡ್ತೀವಿ ಅಂತಾರೆ, ಕೊಡ್ತಾರೆ. ನಮ್ಮ ಮುಜರಾಯಿ ಇಲಾಖೆಯ ಆಗಮ ಪರೀಕ್ಷೆಯಲ್ಲೂ ಪ್ರವರ, ಪ್ರವೀಣ, ವಿದ್ವತ್ ಅಂತ ಹಂತ ಇದೆ. ಅದೂ ಡಿಗ್ರಿ ಅಲ್ಲ, ಆದರೆ ಅರ್ಚಕ ವೃತ್ತಿಗೆ ಅದಕ್ಕೆ ಬೆಲೆ ಇದೆ. ಸೇನೆಯಲ್ಲಿ ಧರ್ಮಗುರು ಹುದ್ದೆಗೆ ಪಂಡಿತರನ್ನು ತಗೊಳ್ಳುವಾಗ ಶಾಸ್ತ್ರಿ, ಆಚಾರ್ಯ ಕೇಳ್ತಾರೆ.

ಸಕಲೇಶಪುರದ ತೋಟದವನು:

ನಮ್ಮ ಕಡೆಯದ್ದೂ ಹೇಳ್ತೀನಿ ಕಣ್ರೀ, ನಾವು ಕ್ರೈಸ್ತರು. ನನ್ನ ಅಕ್ಕನ ಮಗ ಹೊರರಾಜ್ಯದ ಒಂದು ಬೈಬಲ್ ಕಾಲೇಜಲ್ಲಿ ಮೂರು ವರ್ಷ ಓದಿ ಬಿ.ಟಿಎಚ್. (ದೇವತಾಶಾಸ್ತ್ರದ ಡಿಗ್ರಿ) ತಗೊಂಡ. ಓದು ಚೆನ್ನಾಗೇ ಇತ್ತು, ಗ್ರೀಕ್ ಕೂಡ ಕಲಿತ. ಆಮೇಲೆ ಬಿ.ಎಡ್. ಮಾಡ್ತೀನಿ ಅಂತ ಹೊರಟಾಗ ದಾಖಲೆ ಪರಿಶೀಲನೆಯಲ್ಲಿ ನಿಂತುಬಿಡ್ತು. ಅವನ ಡಿಗ್ರಿ ಯಾವ ವಿಶ್ವವಿದ್ಯಾಲಯದ್ದೂ ಅಲ್ಲ. ಮೂರು ವರ್ಷ ವ್ಯರ್ಥ ಅಂತ ನಾನು ಹೇಳಲ್ಲ, ಇವತ್ತು ಅವನು ಒಳ್ಳೆ ಸಭಾಪಾಲಕ. ಆದರೆ ಸೇರಿಸಿಕೊಳ್ಳುವಾಗಲೇ ಇದನ್ನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಸಿಟ್ಟು ನಮ್ಮ ಅಕ್ಕನಿಗೆ ಇನ್ನೂ ಇದೆ.

ದೇವತಾಶಾಸ್ತ್ರಕ್ಕೆ ಸರಿಯಾದ ದಾರಿ ಇಲ್ಲದೇ ಇಲ್ಲ. ಬಂಗಾಳದ ಸೆರಾಂಪೂರ್ ಕಾಲೇಜು 1818ರದ್ದು. 1827ರಲ್ಲಿ ಡೆನ್ಮಾರ್ಕ್ ರಾಜನ ಸನ್ನದು ಸಿಕ್ಕಿತು, 1918ರಲ್ಲಿ ಬಂಗಾಳ ಶಾಸನಸಭೆಯ ಕಾಯ್ದೆ ಆಯ್ತು. ಅದರ ಸೆನೆಟ್ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಕೊಡುತ್ತೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದಕ್ಕೆ ಸೇರಿದವು. ಕಥೋಲಿಕರಲ್ಲಿ ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರಂ ಇದೆ, ಅದರ ಪದವಿಗೆ ವ್ಯಾಟಿಕನ್ ಒಪ್ಪಿಗೆ. ಚರ್ಚಿನೊಳಗೆ ಅದಕ್ಕೆ ಪೂರ್ತಿ ಬೆಲೆ. ನಮ್ಮ ಸರ್ಕಾರಿ ನೇಮಕಾತಿ ಬೇರೆ ವಿಷಯ. ಸುವಾರ್ತಾ ಸೆಮಿನರಿಗಳಿಗೆ (ಸಭಾಪಾಲಕರನ್ನು ತಯಾರು ಮಾಡೋ ಶಾಲೆಗಳು) ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ ಅಂತ 1970ರಿಂದ ಇದೆ, ಅವರು ಬೋಧನೆಯ ಗುಣಮಟ್ಟ ನೋಡ್ತಾರೆ. ಅದರಿಂದ ಯುಜಿಸಿ ಒಪ್ಪಿಗೆ ಬಂದ ಹಾಗೆ ಆಗಲ್ಲ.

ಬೇಲೂರಿನ ಗೆಳೆಯ:

ಮದರಸಾ ಕಡೆಯಿಂದ ಒಂದು ಮುಖ್ಯ ತೀರ್ಪು ಇದೆ. ಉತ್ತರ ಪ್ರದೇಶದ ಮದರಸಾ ಮಂಡಳಿ ಹತ್ತನೇ ತರಗತಿ, ಪಿಯುಸಿ ಮಟ್ಟದ ಪರೀಕ್ಷೆ ಜೊತೆಗೆ ಕಾಮಿಲ್, ಫಾಜಿಲ್ ಅಂತ ಡಿಗ್ರಿ ಮಟ್ಟದ ಪರೀಕ್ಷೆಗಳನ್ನೂ ನಡೆಸ್ತಿತ್ತು. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟು ಆ ರಾಜ್ಯದ 2004ರ ಮದರಸಾ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಕಾಮಿಲ್, ಫಾಜಿಲ್ ಭಾಗ ಮಾತ್ರ ಯುಜಿಸಿ ಕಾಯ್ದೆಗೆ ವಿರುದ್ಧ ಅಂತ ತೆಗೆದುಹಾಕಿತು. ರಾಜ್ಯ ಶಾಸನಸಭೆಯೇ ಮಾಡಿದ ಮಂಡಳಿಗೇ ಹೀಗಾದ ಮೇಲೆ, ಬರೀ ಟ್ರಸ್ಟ್ ಡೀಡಿನ ಬಲದ ಮೇಲೆ ಕೊಡುವ ಬಿ.ಎ.ಗೆ ಏನು ಆಧಾರ?

1866ರಿಂದ ಇರುವ ದೇವಬಂದ್‌ನ ದಾರುಲ್ ಉಲೂಮ್ ತನ್ನನ್ನು ವಿಶ್ವವಿದ್ಯಾಲಯ ಅಂತ ಕಾನೂನಿನ ಮುಂದೆ ನಿಲ್ಲಿಸಿಲ್ಲ. ಅಲ್ಲಿ ಆಲಿಮ್ (ಇಸ್ಲಾಂ ಧರ್ಮಶಾಸ್ತ್ರದ ವಿದ್ವಾಂಸ) ಆದವರಿಗೆ ನಮ್ಮಲ್ಲಿ ಇರುವ ಗೌರವ ಅದರಿಂದ ಕಮ್ಮಿಯಾಗಿಲ್ಲ. ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಂಥವು ಕೆಲವು ಮದರಸಾ ಪ್ರಮಾಣಪತ್ರಗಳನ್ನು ಪ್ರವೇಶಕ್ಕೆ ಒಪ್ಪುತ್ತವೆ. ಹಾಗೆ ಸೇರಿ ಅಲ್ಲಿಂದ ಡಿಗ್ರಿ ತಗೋಬಹುದು. ನಮ್ಮ ಮನೆ ಹುಡುಗರಿಗೆ ನಾನು ಹೇಳೋದು, ಮದರಸಾ ಓದಿನ ಜೊತೆಗೇ ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಎಸ್ಸೆಸ್ಸೆಲ್ಸಿ, ಪಿಯುಸಿ ಮಟ್ಟದ ಪರೀಕ್ಷೆ ಬರೆದುಬಿಡಿ ಅಂತ.

ತರೀಕೆರೆಯ ಓದುಗ:

ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡ್ತಿದ್ದೀರಿ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಧರ್ಮದ ವಿದ್ಯೆ ಸರಿಯೋ ತಪ್ಪೋ ಅಂತ ತೂಗಲು ಸರ್ಕಾರಕ್ಕೆ ಏನು ಅರ್ಹತೆ? ಅಗ್ರಹಾರಗಳು, ಬಸದಿಗಳು, ಮಠಗಳು ಯಾರ ಅನುಮತಿ ಕೇಳಿ ಪಾಠ ಹೇಳಿದವು? 1902ರಲ್ಲಿ ಸ್ವಾಮಿ ಶ್ರದ್ಧಾನಂದರು ಗುರುಕುಲ ಕಾಂಗಡಿ ಕಟ್ಟಿದಾಗ ಬ್ರಿಟಿಷರ ಮಾನ್ಯತೆಯನ್ನು ಬೇಕೆಂದೇ ದೂರ ಇಟ್ಟರು. ದೇಶ ಸ್ವತಂತ್ರವಾದ ಮೇಲೆ, 1962ರಲ್ಲಿ ಅದಕ್ಕೆ ಡೀಮ್ಡ್ ಸ್ಥಾನ ಬಂತು. ಅಲ್ಲಿಯವರೆಗೆ ಅಲ್ಲಿ ಓದಿದವರು ವಿದ್ವಾಂಸರಲ್ಲವೇ? ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಸೆಮಿನರಿಗೆ ಅನುಮತಿಯಿಲ್ಲದೆ ಪದವಿ ಕೊಟ್ಟಿದ್ದಕ್ಕೆ 1,73,000 ಡಾಲರ್ ದಂಡ ಹಾಕಿದ್ದರು. 2007ರಲ್ಲಿ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟು, ಧಾರ್ಮಿಕ ತರಬೇತಿಯ ವಿಷಯದಲ್ಲಿ ರಾಜ್ಯ ಹೀಗೆ ಕೈ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಮಾತ್ರ ಎಲ್ಲದಕ್ಕೂ ಸರ್ಕಾರದ ಮುದ್ರೆ ಬೇಕೇ?

ಹಾಸನದ ನಿವೃತ್ತ ಮೇಷ್ಟ್ರು:

ತರೀಕೆರೆಯವರ ಪ್ರಶ್ನೆಯಲ್ಲಿ ತೂಕ ಇದೆ, ಅದಕ್ಕೆ ನ್ಯಾಯವಾಗಿ ಉತ್ತರ ಕೊಡಬೇಕು.

ಪಾಠ ಹೇಳಲು ಯಾರ ಅನುಮತಿಯೂ ಬೇಡ. ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆ ಕಟ್ಟುವ ಹಕ್ಕು ಕೊಟ್ಟಿದೆ. ವಿದ್ವಾನ್, ಘನಪಾಠಿ, ಆಲಿಮ್ ಎಂದು ತಮ್ಮ ಪರಂಪರೆಯ ಬಿರುದು ಕೊಡುವುದಕ್ಕೆ ಯುಜಿಸಿ ಅಡ್ಡ ಬರುವುದಿಲ್ಲ. ಪ್ರಶ್ನೆ ಬರುವುದು ಬಿ.ಎ., ಎಂ.ಎ., ಪಿಎಚ್.ಡಿ. ಎಂದು ಬರೆದು ಕೊಟ್ಟಾಗ. ಆ ಪತ್ರವನ್ನು ಹಿಡಿದ ಹುಡುಗ ಧರ್ಮದ ವಲಯದಿಂದ ಹೊರಗೆ ಬಂದು, ಬೇರೆ ಹುಡುಗರ ಜೊತೆ ಒಂದೇ ಸಾಲಿನಲ್ಲಿ ನೇಮಕಾತಿಗೆ ನಿಲ್ಲುತ್ತಾನೆ. ಅಲ್ಲಿ ಎಲ್ಲರಿಗೂ ಒಂದೇ ನಿಯಮ ಇರಲೇಬೇಕು.

ಅಮೆರಿಕದ ಉದಾಹರಣೆಯನ್ನೂ ಪೂರ್ತಿ ನೋಡೋಣ. ಫ್ಲೋರಿಡಾದಲ್ಲಿ ಧಾರ್ಮಿಕ ಕಾಲೇಜುಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಪದವಿಯ ಹೆಸರಿನಲ್ಲೇ ಅದು ಧಾರ್ಮಿಕ ಪದವಿ ಎಂದು ಕಾಣಿಸಬೇಕು ಎಂಬ ಷರತ್ತೂ ಇದೆ. ಗುಣಮಟ್ಟ ನೋಡಲು ಅಲ್ಲಿ ಧಾರ್ಮಿಕ ಶಾಲೆಗಳಿಗೇ ಮೀಸಲಾದ ಮಂಡಳಿಗಳಿವೆ, ಆ ಮಂಡಳಿಗಳನ್ನು ಪರಿಶೀಲಿಸಲು ಮತ್ತೊಂದು ಸಂಸ್ಥೆ ಇದೆ. ಅಂದರೆ ಸರ್ಕಾರ ಹಿಂದೆ ಸರಿದ ಕಡೆ ಸಮುದಾಯವೇ ಕಾವಲು ಕಟ್ಟಿಕೊಂಡಿದೆ. ನಮ್ಮ ಕೊಪ್ಪದವರಿಗೆ ತೋರಿಸಿದ ಹೊರದೇಶದ ಪತ್ರ ಅಂಥ ಮಂಡಳಿಯದ್ದು ಎಂದೇ ಇಟ್ಟುಕೊಂಡರೂ, ಅದರಿಂದ ಇಲ್ಲಿ ಪದವಿ ಕೊಡುವ ಅಧಿಕಾರ ಹುಟ್ಟುವುದಿಲ್ಲ.

ಕಾಯ್ದೆಯ ಕೆಳಗೆ ಬಂದರೆ ಧರ್ಮದ ಗುರುತು ಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಅಲಿಗಢದ ಮುಸ್ಲಿಂ ಕಾಲೇಜು 1920ರಲ್ಲಿ ಕಾಯ್ದೆಯ ಮೂಲಕ ವಿಶ್ವವಿದ್ಯಾಲಯವಾಯಿತು. ಕಾಯ್ದೆಯಿಂದ ಹುಟ್ಟಿದ್ದರಿಂದ ಅದು ಅಲ್ಪಸಂಖ್ಯಾತರು ಸ್ಥಾಪಿಸಿದ್ದಲ್ಲ ಎಂದು ಸುಪ್ರೀಂ ಕೋರ್ಟಿನ 1967ರ ತೀರ್ಪು ಹೇಳಿತ್ತು. 2024ರ ನವೆಂಬರ್ 8ರಂದು ಏಳು ನ್ಯಾಯಮೂರ್ತಿಗಳ ಪೀಠ 4:3 ಬಹುಮತದಿಂದ ಆ ತರ್ಕವನ್ನು ತಳ್ಳಿಹಾಕಿತು. ಕಾಯ್ದೆಯಿಂದ ರೂಪ ಬಂತು ಎಂಬ ಒಂದೇ ಕಾರಣಕ್ಕೆ ಸಂಸ್ಥೆ ಯಾರದ್ದು ಎಂಬುದು ಅಳಿಸಿಹೋಗುವುದಿಲ್ಲ.

ನನಗೆ ನಿಜವಾಗಿ ನೋವು ಕೊಡುವುದು ಬೇರೆ. ಯುಜಿಸಿ ಕಾಯ್ದೆಯ 24ನೇ ಕಲಂ ಪ್ರಕಾರ ಈ ನಿಯಮ ಮುರಿದವರಿಗೆ ದಂಡ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! 1956ರಲ್ಲಿ ಅದು ದೊಡ್ಡ ಮೊತ್ತ. ಇವತ್ತು ಒಬ್ಬ ವಿದ್ಯಾರ್ಥಿಯ ಅರ್ಜಿ ಶುಲ್ಕಕ್ಕೂ ಸಮವಲ್ಲ. ಸಂಸ್ಥೆಗೆ ಸಾವಿರ ರೂಪಾಯಿ, ಹುಡುಗನಿಗೆ ಮೂರು ವರ್ಷ. ಇದನ್ನು ಯಾರಾದರೂ ಬದಲಾಯಿಸಬೇಕು.

ಚನ್ನರಾಯಪಟ್ಟಣದಿಂದ:

ನಮ್ಮ ಶ್ರವಣಬೆಳಗೊಳದಲ್ಲಿ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆ ಇದೆ. 2023ರ ಮಾರ್ಚ್‌ನಲ್ಲಿ ನಮ್ಮನ್ನಗಲಿದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು ಪ್ರಾಕೃತಕ್ಕಾಗಿ ಜೀವ ತೇಯ್ದರು. ಹಸ್ತಪ್ರತಿ, ಧವಲಾ ಗ್ರಂಥಗಳ (ಪ್ರಾಚೀನ ಜೈನ ವ್ಯಾಖ್ಯಾನ ಗ್ರಂಥಗಳು) ಕೆಲಸ ಇವತ್ತಿಗೂ ಅಲ್ಲಿ ಶ್ರದ್ಧೆಯಿಂದ ಆಗ್ತಿದೆ. ಪ್ರಾಕೃತ ವಿಶ್ವವಿದ್ಯಾಲಯ ಆಗಬೇಕು ಅನ್ನೋ ಮಾತು ಬಹಳ ಕಾಲದಿಂದ ಇದೆ, ಅದಕ್ಕೆ ಸರ್ಕಾರದ ಬಾಗಿಲು ತಟ್ಟಿದ್ದಾರೆಯೇ ಹೊರತು ತಾವಾಗಿ ಬೋರ್ಡು ಹಾಕಿಕೊಂಡಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದೆ, ಈಗಲಾದರೂ ಆಗಲಿ ಅಂತ ನಮ್ಮ ಆಸೆ. ರಾಜಸ್ಥಾನದ ಲಾಡನೂನಿನ ಜೈನ ವಿಶ್ವ ಭಾರತಿ 1991ರಲ್ಲೇ ಡೀಮ್ಡ್ ಆಯ್ತು, ಅಲ್ಲಿ ಜೈನಶಾಸ್ತ್ರ, ಪ್ರಾಕೃತದಲ್ಲಿ ಡಿಗ್ರಿ ಸಿಗುತ್ತೆ. ಬೆಳಗೊಳಕ್ಕೆ ಅದು ಯಾಕೆ ಆಗಬಾರದು?

ಅರಸೀಕೆರೆ ಕಾಲೇಜು ಕಚೇರಿಯಿಂದ:

ನ್ಯಾಕ್ ವಿಷಯ ಯಾರೂ ಹೇಳಲಿಲ್ಲ, ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ತೂಗುವ ಸಂಸ್ಥೆ. ನಾನು ಕಾಲೇಜಿನಲ್ಲಿ ಆ ಕಡತಗಳನ್ನೇ ನೋಡ್ಕೊಳ್ಳೋದು. ಪದವಿ ಕೊಡುವ ಅಧಿಕಾರ ಪಹಣಿ ಇದ್ದ ಹಾಗೆ, ನ್ಯಾಕ್ ಗ್ರೇಡು ಬೆಳೆದ ಕಾಫಿಗೆ ಕೊಡುವ ಗ್ರೇಡಿನ ಹಾಗೆ. ಪಹಣಿ ಇಲ್ಲದವನು ಗ್ರೇಡು ತೋರಿಸಿ ಜಮೀನು ನನ್ನದು ಅನ್ನೋಕಾಗಲ್ಲ. ನ್ಯಾಕ್ 1994ರಲ್ಲಿ ಶುರುವಾಯ್ತು, ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲಿದೆ. ಕಾನೂನುಬದ್ಧ ವಿಶ್ವವಿದ್ಯಾಲಯ ಅಥವಾ ಅದಕ್ಕೆ ಸೇರಿದ ಕಾಲೇಜು ಎರಡು ಬ್ಯಾಚ್ ಹೊರಗೆ ಕಳಿಸಿದ ಮೇಲೆ ಅಥವಾ ಆರು ವರ್ಷ ಆದ ಮೇಲೆ ಅರ್ಜಿ ಹಾಕಬಹುದು. ಹಾಗಾಗಿ ಹೊಸ ವಿಶ್ವವಿದ್ಯಾಲಯಕ್ಕೆ ನ್ಯಾಕ್ ಇಲ್ಲ ಅಂದರೆ ಅದು ನಕಲಿ ಅಂತಲ್ಲ. ಯಾರಾದರೂ ಯುಜಿಸಿಯ ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇಲ್ಲದೇ "ನ್ಯಾಕ್‌ಗೆ ಅರ್ಜಿ ಹಾಕಿದ್ದೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮಠಗಳು ಸರಿಯಾದ ದಾರಿಯಲ್ಲಿ ಹೋಗಿರೋದಕ್ಕೆ ದೂರ ಹುಡುಕಬೇಕಿಲ್ಲ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರದ್ದು, ಡಿಗ್ರಿ ವಿಟಿಯುದ್ದು. ನಾಗಮಂಗಲ ತಾಲೂಕಿನಲ್ಲಿರುವ ಅದೇ ಮಠದ ಆದಿಚುಂಚನಗಿರಿ ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ರಾಜ್ಯ ಕಾಯ್ದೆ ಇದೆ. ಹಾಸನದ ಎಸ್‌ಡಿಎಂ ಆಯುರ್ವೇದ ಕಾಲೇಜು ಧರ್ಮಸ್ಥಳದವರದ್ದು, ಡಿಗ್ರಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದು. ಇವರಲ್ಲಿ ಯಾರೂ "ನಾವು ಧಾರ್ಮಿಕರು, ನಮಗೆ ಕಾಯ್ದೆ ಬೇಡ" ಅನ್ನಲಿಲ್ಲ.

ಕೊಪ್ಪದವರೇ, ಆ ಟ್ರಸ್ಟ್‌ನವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಕಾಯ್ದೆ, ಯಾವ ವರ್ಷ? ಬೇರೆ ವಿಶ್ವವಿದ್ಯಾಲಯದ ಕೇಂದ್ರ ಅಂದರೆ ಆ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ. ದೂರಶಿಕ್ಷಣ ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು ನೋಡಿ. ಬಿ.ಎಡ್.ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಒಪ್ಪಿಗೆಯೂ ಬೇಕು.

ತರೀಕೆರೆಯ ಓದುಗ:

ಮೇಷ್ಟ್ರೇ, ನಿಮ್ಮ ಮಾತಲ್ಲಿ ಒಂದನ್ನು ಒಪ್ಪುತ್ತೇನೆ, ಬಿ.ಎ. ಅಂತ ಬರೆದು ಕೊಟ್ಟರೆ ಅದಕ್ಕೆ ಕಾಯ್ದೆ ಬೇಕು. ಆದರೆ ಕಾಯ್ದೆಯ ಕೆಳಗೆ ಬಂದ ಮೇಲೆ ಪಠ್ಯ, ಸೆಮಿಸ್ಟರ್, ಕ್ರೆಡಿಟ್ ಅಂತ ಕತ್ತರಿಸಿ, ಹನ್ನೆರಡು ವರ್ಷ ಓದಬೇಕಾದ ಶಾಸ್ತ್ರವನ್ನು ಮೂರು ವರ್ಷಕ್ಕೆ ಇಳಿಸುತ್ತಾರಲ್ಲ, ಆ ನಷ್ಟಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ. ಪಾಠಶಾಲೆಯಲ್ಲಿ ಕಲಿತವನ ವಿದ್ಯೆಯನ್ನು ಪರೀಕ್ಷೆ ಮಾಡಿ ನೇರವಾಗಿ ಒಪ್ಪುವ ದಾರಿ ಇನ್ನೂ ಅಗಲವಾಗಬೇಕು.

ಶೃಂಗೇರಿಯಲ್ಲಿ ಓದಿದವಳು:

ಇದು ನಿಜ ಸರ್, ನಾವೂ ಅನುಭವಿಸಿದ್ದೇವೆ. ಸ್ವಲ್ಪ ಸ್ವಲ್ಪ ಆಗ್ತಾ ಇದೆ. ಉಜ್ಜಯಿನಿಯ ಮಹರ್ಷಿ ಸಾಂದೀಪನಿ ಮಂಡಳಿಯ ವೇದಭೂಷಣವನ್ನು ಹತ್ತನೇ ತರಗತಿಗೆ, ವೇದವಿಭೂಷಣವನ್ನು ಹನ್ನೆರಡನೇ ತರಗತಿಗೆ ಸಮಾನ ಅಂತ ಒಪ್ಪಿದ್ದಾರೆ. ಪಾಠಶಾಲೆಯ ಹುಡುಗರು ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಕ್ಕೆ ಬರಬಹುದು. ಪದವಿ ಮಟ್ಟದಲ್ಲಿ ಇನ್ನೂ ಆಗಬೇಕಾದ್ದು ಬಹಳ ಇದೆ.

ಕೊಪ್ಪದ ಚಿಕ್ಕಪ್ಪ:

ಎಲ್ಲರಿಗೂ ಕೈ ಮುಗೀತೀನಿ. ಟ್ರಸ್ಟ್‌ನವರಿಗೆ ಫೋನ್ ಮಾಡಿ ಯಾವ ಕಾಯ್ದೆ ಅಂತ ಕೇಳಿದೆ. ಮೊದಲು ಸಂವಿಧಾನ ಅಂದರು, ಆಮೇಲೆ ಅರ್ಜಿ ಪರಿಶೀಲನೆಯಲ್ಲಿದೆ ಅಂದರು, ಕೊನೆಗೆ "ನಿಮಗೆ ಶ್ರದ್ಧೆ ಇಲ್ಲ" ಅಂತ ಇಟ್ಟುಬಿಟ್ಟರು. ಆ ಕೊನೆ ಮಾತು ಹುಡುಗನ ಕಿವಿಗೂ ಬಿತ್ತು, ಪಕ್ಕದಲ್ಲೇ ಇದ್ದ. ಶ್ರದ್ಧೆ ಇರೋದಕ್ಕೇ ಕೇಳ್ತಿದ್ದೀವಿ ಅಂತ ಅವನೇ ಅಂದ. ಮೇಷ್ಟ್ರು ಬರೆದದ್ದನ್ನೆಲ್ಲ ಅಣ್ಣನಿಗೆ ಓದಿ ಹೇಳಿದ್ದೀನಿ. ಸೋಮವಾರ ಮೆಣಸೆಗೆ ಹೋಗ್ತಿದ್ದೀವಿ. ಶಾಸ್ತ್ರಿಗೆ ಸೇರೋಕೆ ಪಿಯುಸಿ ಅಂಕಪಟ್ಟಿ ಬಿಟ್ಟು ಇನ್ನೇನು ತಗೊಂಡು ಹೋಗಬೇಕು ಶೃಂಗೇರಿ ಮೇಡಂ? ಹಾಸ್ಟೆಲ್ ಸಿಗುತ್ತಾ?

ಶೃಂಗೇರಿಯಲ್ಲಿ ಓದಿದವಳು:

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ. ಎಲ್ಲದರದ್ದೂ ಎರಡೆರಡು ಜೆರಾಕ್ಸ್ ಇರಲಿ. ಪ್ರವೇಶದ ನಿಯಮ ವರ್ಷ ವರ್ಷ ಬದಲಾಗುತ್ತೆ, ಹಾಸ್ಟೆಲ್ ವಿಷಯಾನೂ ಸೇರಿಸಿ ಕಚೇರಿಯಲ್ಲೇ ಕೇಳಿಬಿಡಿ. ಬೆಳಗ್ಗೆ ಬೇಗ ಹೋಗಿ. ಹುಡುಗನನ್ನು ಖಂಡಿತ ಕರ್ಕೊಂಡು ಹೋಗಿ, ಯಾವ ಶಾಸ್ತ್ರ ತಗೋಬೇಕು ಅಂತ ಅಧ್ಯಾಪಕರ ಹತ್ತಿರ ಅವನೇ ಮಾತಾಡಲಿ.